ಸೋಮವಾರದ ಹೊಟ್ಟೆನೋವು

ಗುರುತು ಸಿಗಬಾರದೆಂದು ಮನೆಯ ವಿವರಗಳನ್ನು ಬದಲಿಸಿದ್ದೇನೆ. ಹುಡುಗಿಯನ್ನು ಪುಟ್ಟಿ ಅನ್ನೋಣ.

ಪುಟ್ಟಿಗೆ 14 ವರ್ಷ, ಒಂಬತ್ತನೇ ಕ್ಲಾಸು. 2025ರ ಜೂನ್‌ನಲ್ಲಿ ಶಾಲೆ ಶುರುವಾದಾಗಿನಿಂದ ಬೆಳಗ್ಗೆ ಏಳೂವರೆಗೆ ಹೊಟ್ಟೆನೋವು, ಸೋಮವಾರ ಇನ್ನೂ ಜಾಸ್ತಿ. ವ್ಯಾನು ಹೋದ ಅರ್ಧ ಗಂಟೆಗೆ ಎದ್ದು ದೋಸೆ ತಿನ್ನುತ್ತಾಳೆ. ಮಕ್ಕಳ ಡಾಕ್ಟರು ಸ್ಕ್ಯಾನಿಂಗ್ ಮಾಡಿಸಿ ಏನೂ ಇಲ್ಲ ಅಂದರು. ‘ಬರೀ ನಾಟಕ’ ಅಂತ ಅಪ್ಪ ತೀರ್ಮಾನಿಸಿಬಿಟ್ಟಿದ್ದರು. ಆದರೆ ನೋವು ನಿಜವೇ. ಭಯ ಎಷ್ಟೋ ಮಕ್ಕಳಿಗೆ ಹೊಟ್ಟೆಯಲ್ಲೇ ಕಾಣಿಸಿಕೊಳ್ಳುತ್ತದೆ. ವ್ಯಾನು ಹೋದರೆ ಭಯ ಇಳಿಯುತ್ತದೆ, ಅದರ ಜೊತೆ ನೋವೂ.

ನಾನು ಮಕ್ಕಳ ಕೌನ್ಸೆಲರ್. ಅಪ್ಪ, ಅಮ್ಮ, ಮಗಳು ಬಂದದ್ದು ನನ್ನಿಂದ ಒಂದು ‘ಹೂಂ’ ಅನ್ನಿಸಿಕೊಳ್ಳುವುದಕ್ಕೆ. ಶಾಲೆ ಬಿಡಿಸಿ ಆನ್‌ಲೈನ್ ಶಾಲೆಗೆ ಸೇರಿಸುವುದು ಅಂತ ಅಮ್ಮ, ಮಗಳು ಮೊದಲೇ ಗಟ್ಟಿ ಮಾಡಿಕೊಂಡಿದ್ದರು. ಆ ಕಂಪನಿಯಿಂದ ವಾರಕ್ಕೆ ಮೂರು ಫೋನ್ ಬರುತ್ತಿತ್ತಂತೆ. ಫೋನ್ ಮಾಡುವವರನ್ನೂ ‘ಕೌನ್ಸೆಲರ್’ ಅಂತಲೇ ಕರೆಯುತ್ತಾರೆ. ನನಗಂತೂ ಅದು ಇರುಸುಮುರುಸು.

ಪುಟ್ಟಿಯ ಜೊತೆ ಒಬ್ಬಳೇ ಮಾತಾಡಿದೆ. ಯಾರಾದರೂ ಕಾಡಿಸುತ್ತಾರಾ, ಹೊಡೆಯುತ್ತಾರಾ, ಮುಟ್ಟುತ್ತಾರಾ ಎಂದು ಒಂದೊಂದಾಗಿ ಕೇಳಿದೆ. ಇಲ್ಲ. ಗೆಳತಿಯರಿದ್ದಾರೆ. ಊಟದ ಬ್ರೇಕು ಇಷ್ಟ.

“ಸೋಮವಾರ ಮೊದಲ ಪೀರಿಯಡ್ ಯಾವುದು?”

“ಮ್ಯಾಥ್ಸ್, ಮಿಸ್. ಬೋರ್ಡಿಗೆ ಕರೀತಾರೆ.”

ಒಂದು ಹಾಳೆ ಕೊಟ್ಟು 1/2 + 1/3 ಎಷ್ಟು ಅಂದೆ. ಕೈ ಅಡ್ಡ ಇಟ್ಟುಕೊಂಡು 2/5 ಎಂದು ಬರೆದಳು. ಅದರ ಮೇಲೆ ಎರಡು ಗೆರೆ ಎಳೆದಳು. ಮತ್ತೆ ಅದನ್ನೇ ಬರೆದಳು. ಸರಿ ಉತ್ತರ 5/6.

ವರ್ಷಗಳ ಲೆಕ್ಕ ಹಾಕಿ ನೋಡಿ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ ಇವಳಿಗೆ ಇನ್ನೂ ಒಂಬತ್ತು. ನಾಲ್ಕನೇ ಕ್ಲಾಸು ಇಡೀ ಅಪ್ಪನ ಫೋನಿನಲ್ಲಿ, ಐದನೆಯದು ಅರ್ಧಂಬರ್ಧ. ಭಿನ್ನರಾಶಿಯ ಬುಡ ಕಟ್ಟುವುದೇ ಆ ಎರಡು ವರ್ಷ. 1ರಿಂದ 8ನೇ ತರಗತಿಗೆ ದಿನಕ್ಕೆ 30–45 ನಿಮಿಷದ ಎರಡು ಪಾಠಕ್ಕಿಂತ ಹೆಚ್ಚು ಬೇಡ ಎಂದು ಕೇಂದ್ರ ಸರ್ಕಾರ 2020ರ ಜುಲೈನಲ್ಲಿ ‘ಪ್ರಜ್ಞಾತ’ ಮಾರ್ಗಸೂಚಿಯಲ್ಲಿ ಹೇಳಿತ್ತು. ಇವಳಿಗೆ ಒಂಬತ್ತರಿಂದ ಒಂದರವರೆಗೆ ಕ್ಲಾಸು ನಡೆದಿತ್ತು. ಆದರೂ ಮಾರ್ಕ್ಸ್ ಮಾತ್ರ ಚೆನ್ನಾಗಿ ಬಂದಿತ್ತು! ಹೇಗೆ ಅಂತ ಕೇಳಿದಾಗ ಅಮ್ಮ ಸೆರಗಿನ ಅಂಚು ತಿರುಚುತ್ತಾ ಹೇಳಿದರು: “ಕ್ಯಾಮೆರಾಗೆ ಕಾಣದ ಹಾಗೆ ಕೂತು ನಾನೇ ಉತ್ತರ ಹೇಳಿಕೊಡ್ತಿದ್ದೆ ಮೇಡಂ. ಎಲ್ಲಾ ತಾಯಂದಿರೂ ಹೇಳ್ತಿದ್ರು.”

ನಿಜ, ಎಷ್ಟೋ ತಾಯಂದಿರು ಹೇಳಿಕೊಟ್ಟಿದ್ದಾರೆ. ನಾನು ಬೈಯಲಿಲ್ಲ. ಆದರೆ ಪುಟ್ಟಿಗೆ ಬೇಕಾಗಿರುವುದು ಅದೇ ಜಾಗ ಅಂತ ಆಗ ಗೊತ್ತಾಯಿತು: ಕ್ಯಾಮೆರಾ ಆಫ್, ಬೋರ್ಡ್ ಇಲ್ಲ, ಪಕ್ಕದಲ್ಲಿ ಅಮ್ಮ. ಅಲ್ಲಿ ಹೊಟ್ಟೆನೋವು ಹೋಗುತ್ತದೆ. 2/5 ಹಾಗೇ ಉಳಿಯುತ್ತದೆ.

ಆನ್‌ಲೈನ್ ಓದನ್ನು ನಾನು ಬೈಯುವವಳಲ್ಲ. ಆಟದ ತರಬೇತಿಗೆ ಊರೂರು ಸುತ್ತುವ ಮಕ್ಕಳಿಗೆ, ಕಾಯಿಲೆಯಿಂದ ಹಾಸಿಗೆ ಹಿಡಿದವರಿಗೆ, ಶಾಲೆಯಲ್ಲಿ ನಿಜವಾದ ಹಿಂಸೆ ಅನುಭವಿಸಿದವರಿಗೆ ಅದೇ ಸರಿ ಎಂದು ಬರೆದುಕೊಟ್ಟಿದ್ದೇನೆ. ಶಾಲೆಗೆ ಹೋಗದೆ ಓದುವವರಿಗಾಗಿ 1989ರಲ್ಲಿ ಶುರುವಾದ ರಾಷ್ಟ್ರೀಯ ಮುಕ್ತ ಶಾಲೆ, ಈಗಿನ ಎನ್‌ಐಒಎಸ್, 14 ತುಂಬಿದವರಿಗೆ ಹತ್ತನೇ ತರಗತಿಗೆ ಪ್ರವೇಶ ಕೊಡುತ್ತದೆ. ಪಾಸಾಗಲು ಐದು ವರ್ಷದಲ್ಲಿ ಒಂಬತ್ತು ಅವಕಾಶ. ಆದರೆ ಪರೀಕ್ಷೆಯನ್ನು ಕೇಂದ್ರಕ್ಕೆ ಹೋಗಿ ಪೆನ್ನು ಹಿಡಿದೇ ಬರೆಯಬೇಕು. ಇದನ್ನು ಆ ಫೋನಿನವರು ಹೇಳಿರಲಿಲ್ಲ. ಕಂಪನಿ ಕೊಡುವ ಸರ್ಟಿಫಿಕೇಟಿನ ಹಾಳೆಗೆ ಯಾವ ಪರೀಕ್ಷಾ ಬೋರ್ಡಿನ ಮಾನ್ಯತೆ ಇದೆ ಎಂದು ಬರಹದಲ್ಲಿ ಕೇಳಿ ಅಂದೆ. ಕೇಳಿದ ಮೇಲೆ ಫೋನು ಕಡಿಮೆಯಾಯಿತಂತೆ.

ಟಿಸಿ ತೆಗೆಯಬೇಡಿ, ಮೂರು ತಿಂಗಳು ಕೊಡಿ ಎಂದೆ. ಗಣಿತದ ಮೇಷ್ಟ್ರನ್ನು ಅಪ್ಪನೇ ಹೋಗಿ ಕಾಣಬೇಕು. ಒಂದು ತಿಂಗಳು ಬೋರ್ಡಿಗೆ ಕರೆಯಬೇಡಿ, ನೋಟ್‌ಬುಕ್ಕಿನಲ್ಲೇ ಮಾಡಿಸಿ ಎಂದು ಕೇಳಬೇಕು. ‘ನಾಟಕ’ ಅನ್ನುವ ಮಾತು ಮನೆಯಲ್ಲಿ ಬಂದ್. ಹೊಟ್ಟೆ ನೋಯುತ್ತಿದ್ದರೂ ಶಾಲೆಗೆ ಹೋಗುವುದು, ಮೊದಲ ವಾರ ಮಧ್ಯಾಹ್ನದವರೆಗೆ ಸಾಕು. ಉಳಿದುಬಿಟ್ಟ ದಿನ ಟಿವಿಯೂ ಇಲ್ಲ, ಫೋನೂ ಇಲ್ಲ. ಸುಮ್ನೆ ಶಿಕ್ಷೆಗೆ ಅಂತ ಅಲ್ಲ, ಮನೆ ಅಷ್ಟು ಹಿತವಾಗಿದ್ದರೆ ಶಾಲೆ ಇನ್ನಷ್ಟು ದೂರವಾಗುತ್ತದೆ.

ಪುಟ್ಟಿಗೆ ಐದನೇ ಕ್ಲಾಸಿನ ಪುಸ್ತಕ ತರಿಸಿದೆವು. ಅವಳಿಗೆ ನಾಚಿಕೆ, ಅದಕ್ಕೆ ಹಳೇ ಕ್ಯಾಲೆಂಡರಿನ ಬೈಂಡು ಹಾಕಿಕೊಂಡಳು. ಸರ್ಕಾರದ ಪಾಠಗಳ ದೀಕ್ಷಾ ಆ್ಯಪ್‌ನ ವಿಡಿಯೋ ದಿನಕ್ಕೆ 20 ನಿಮಿಷ. ನಿಲ್ಲಿಸಿ ಮತ್ತೆ ಮತ್ತೆ ನೋಡಬಹುದು, ಯಾರೂ ನಗುವುದಿಲ್ಲ. ಅಷ್ಟರಮಟ್ಟಿಗೆ ಆನ್‌ಲೈನ್ ಬೇಕೇ ಬೇಕು. ಅಮ್ಮ ಮಾತ್ರ ಆ ಹೊತ್ತಿಗೆ ಅಡುಗೆಮನೆಯಲ್ಲಿರಬೇಕು. ಅವರಿಗೆ ಇದೇ ಎಲ್ಲಕ್ಕಿಂತ ಕಷ್ಟವಾಯಿತು.

ಆರನೇ ಭೇಟಿಯ ಹೊತ್ತಿಗೆ ವಾರಕ್ಕೆ ನಾಲ್ಕು ದಿನ ಪೂರ್ತಿ ಶಾಲೆ. ಸೋಮವಾರ ಈಗಲೂ ಹೊಟ್ಟೆ ಹಿಂಡುತ್ತದೆ. ಒಮ್ಮೆ ಮೇಷ್ಟ್ರು ಮರೆತು ಬೋರ್ಡಿಗೆ ಕರೆದುಬಿಟ್ಟರಂತೆ. ತಪ್ಪು ಮಾಡಿ ಬಂದಳು, ಅಳಲಿಲ್ಲ. ಹತ್ತನೇ ಕ್ಲಾಸನ್ನು ಎನ್‌ಐಒಎಸ್‌ನಲ್ಲೇ ಬರೆಯೋಣವಾ ಎಂದು ಅಮ್ಮ ಇನ್ನೂ ಕೇಳುತ್ತಾರೆ. ಏಪ್ರಿಲ್ ಕಳೆಯಲಿ, ಆಗ ಅವಳನ್ನೇ ಕೇಳೋಣ ಅಂದಿದ್ದೇನೆ. ಆನ್‌ಲೈನ್ ಶಾಲೆಯ ಅರ್ಜಿ ಅಪ್ಪನ ಅಂಗಡಿಯ ಡ್ರಾಯರಿನಲ್ಲಿದೆ, ಇನ್ನೂ ಹರಿದಿಲ್ಲ.