ಕಿಸ್ಮಿಸ್ ತಿಂದ ನಾಯಿಗೆ ಉಪ್ಪುನೀರು ಬೇಡ

ಪ್ರಶ್ನೆ: ನಮ್ಮದು ಹುಮನಾಬಾದ್. ಶಿರಾಕ್ಕೆ ಅಂತ ತಂದಿಟ್ಟ ಕಿಸ್ಮಿಸ್ ಪೊಟ್ಟಣ ಹರಿದು ನಮ್ಮ ರಾಜಾ (ಪಮೇರಿಯನ್, 6 ಕೆಜಿ) ಅರ್ಧ ತಿಂದುಬಿಟ್ಟ. ಪಕ್ಕದ ಮನೆಯವರು ಉಪ್ಪುನೀರು ಕುಡಿಸಿ ಅಂದರು, ಕುಡಿಸಿದೆವು. ಆರಾಮಾಗಿ ಆಡುತ್ತಿದ್ದ ಅಂತ ಸುಮ್ನಿದ್ದೆವು. ರಾತ್ರಿಯೆಲ್ಲ ವಾಂತಿ. ಮೂರು ದಿನ ಸಲೈನ್ ಹಚ್ಚಿದ ಮೇಲೆ ಉಳಿದ. ಡಾಕ್ಟ್ರೇ, ಇನ್ನೊಮ್ಮೆ ಹೀಗಾದರೆ ಮೊದಲು ಏನು ಮಾಡಬೇಕು?

ಉತ್ತರ: ರಾಜಾ ಉಳಿದನಲ್ಲ, ಓದಿ ಸಮಾಧಾನವಾಯಿತು. ಆದರೆ ಉಪ್ಪುನೀರು ಇನ್ನು ಯಾವತ್ತೂ ಬೇಡ. ಅಷ್ಟು ಸಣ್ಣ ನಾಯಿಗೆ ಎರಡು ಮೂರು ಚಮಚ ಉಪ್ಪು ಹೊಟ್ಟೆಯಲ್ಲೇ ಉಳಿದರೆ ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರಬಹುದು. ಗಂಟಲಿಗೆ ಬೆರಳು ಹಾಕುವುದೂ ಬೇಡ.

ಆರಾಮಾಗಿ ಆಡುತ್ತಿದ್ದ ಅಂದಿರಿ, ಎಲ್ಲರೂ ಮೋಸ ಹೋಗುವುದು ಅಲ್ಲೇ. ಕಿಸ್ಮಿಸ್ ನಾಯಿಯ ಕಿಡ್ನಿಗೆ ವಿಷ, ಆದರೆ ವಾಂತಿ ಶುರುವಾಗಲು ಅರ್ಧ ದಿನ, ಕೆಲವೊಮ್ಮೆ ಒಂದು ದಿನವೇ ಬೇಕು. ಕಿಡ್ನಿಗೆ ಪೆಟ್ಟು ಬಿದ್ದದ್ದು ರಕ್ತಪರೀಕ್ಷೆಯಲ್ಲಿ ಕಾಣುವುದು 1ರಿಂದ 3 ದಿನಕ್ಕೆ. ಆಮೇಲೆ ಉಚ್ಚೆ ನಿಂತುಹೋದರೆ ನಮ್ಮ ಕೈಯಲ್ಲೂ ಜಾಸ್ತಿ ಉಳಿಯುವುದಿಲ್ಲ. ಅದಕ್ಕೇ ತಿಂದ ಎರಡು ಗಂಟೆಯೊಳಗೆ ಡಾಕ್ಟರ್ ಹತ್ತಿರ ಹೋಗಬೇಕು, ಅವರು ಇಂಜೆಕ್ಷನ್ ಕೊಟ್ಟು ಸುರಕ್ಷಿತವಾಗಿ ವಾಂತಿ ಮಾಡಿಸುತ್ತಾರೆ. ತಡವಾಗಿದ್ದರೂ ಹೋಗಿ, ಕಿಸ್ಮಿಸ್ ಹೊಟ್ಟೆಯಲ್ಲಿ ಬಹಳ ಹೊತ್ತು ಕೂತಿರುತ್ತದೆ. ಹರಿದ ಪೊಟ್ಟಣ ಬಿಸಾಡದೆ ಜೊತೆಗೆ ತನ್ನಿ. ಎಷ್ಟು ಉಳಿದಿದೆ, ಎಷ್ಟು ಗಂಟೆಗೆ ತಿಂದ, ನಾಯಿಯ ತೂಕ ಎಷ್ಟು, ಈ ಮೂರು ಹೇಳಿದರೆ ನಮ್ಮ ಅರ್ಧ ಕೆಲಸ ಮುಗಿಯಿತು. ಬೀದರದ ನಂದಿನಗರದ ಪಶುವೈದ್ಯ ಕಾಲೇಜಿನಲ್ಲಿ ಆಸ್ಪತ್ರೆ ಇದೆ, ಆದರೆ ನಿಮ್ಮಲ್ಲಿಂದ ಬರಲು ಹೊತ್ತಾಗುತ್ತದೆ, ಮೊದಲು ಊರಿನ ಡಾಕ್ಟರಿಗೆ ಫೋನ್ ಮಾಡಿ.

ಎರಡೇ ಕಾಳು ತಿಂದಿದೆ, ಏನಾಗುತ್ತೆ ಅಂತ ಕೇಳುವವರಿದ್ದಾರೆ. ಇಷ್ಟು ತಿಂದರೆ ಪರವಾಗಿಲ್ಲ ಅನ್ನುವ ಲೆಕ್ಕ ಇಲ್ಲಿ ಇಲ್ಲ. ದ್ರಾಕ್ಷಿಯ ಟಾರ್ಟಾರಿಕ್ ಆಮ್ಲವೇ ಕಾರಣ ಅನ್ನುವುದು ಈಗಿನ ತಿಳಿವಳಿಕೆ, ಅದು ಹಣ್ಣಿನಿಂದ ಹಣ್ಣಿಗೆ ಬೇರೆ ಬೇರೆ. ಹುಣಸೆಹಣ್ಣಿನಲ್ಲೂ ಅದೇ ಇದೆ. ಬೇಸಿಗೆಯಲ್ಲಿ ಅಂಗಳದಲ್ಲಿ ಕೂತು ಹುಣಸೆ ಕುಟ್ಟಿ ಬೀಜ ತೆಗೆಯುವಾಗ ನಾಯಿ ಪಕ್ಕದಲ್ಲೇ ಮಲಗಿರುತ್ತದೆ ಅಲ್ವಾ, ಆಗ ಕಟ್ಟಿಹಾಕಿ.

ಉಳ್ಳಾಗಡ್ಡಿ, ಬಳ್ಳೊಳ್ಳಿ ಬೇಯಿಸಿದರೂ ನಾಯಿಗೆ ವಿಷವೇ. ಅದು ರಕ್ತದ ಕೆಂಪು ಕಣ ಒಡೆಯುತ್ತದೆ, ಒಸಡು ಬಿಳಚಿಕೊಳ್ಳುವುದು ಮೂರು ನಾಲ್ಕು ದಿನ ಬಿಟ್ಟು. ಸಕ್ಕರೆ ಇಲ್ಲದ ಚೂಯಿಂಗ್ ಗಮ್ಮಿಗೆ ಸಿಹಿಗೆಂದು ಹಾಕುವ ಕ್ಸೈಲಿಟಾಲ್ ಮಾತ್ರ ಅರ್ಧ ಗಂಟೆಯಲ್ಲೇ ನಾಯಿಯನ್ನು ಬೀಳಿಸಬಹುದು.

ರಾಜಾನ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತಪರೀಕ್ಷೆ) ಒಂದು ವಾರ ಬಿಟ್ಟು ಇನ್ನೊಮ್ಮೆ ನೋಡಿಸಿ. ನೀರು ಜಾಸ್ತಿ ಕುಡಿಯುತ್ತಿದ್ದರೆ ಅಷ್ಟು ದಿನವೂ ಕಾಯಬೇಡಿ.