ಯಾವ ಭಾವ, ಯಾರು ತಳ್ಳಿದ್ದು?

ಹೆಸರಿನ ಬೆನ್ನು ಹತ್ತಿ: ಓದುಗರ ಪ್ರಶ್ನೆ, ಹಳೇ ಬಂದರು ಗುಮಾಸ್ತನ ಉತ್ತರ

ಪ್ರಶ್ನೆ: ಮಾಮ, ನಮಸ್ಕಾರ. ನಾನು ದಾವಣಗೆರೆಯವಳು, ಕುಂದಾಪುರದವರ ಮನೆಗೆ ಸೊಸೆಯಾಗಿ ಮುಂಬಯಿಯ ಘಾಟ್ಕೋಪರಿಗೆ ಬಂದವಳು. ನಮ್ಮ ಮನೆಯವರು ಭಾನುವಾರ ಬಂತೆಂದರೆ ನಸುಕಿನಲ್ಲೇ ಎದ್ದು 'ಭಾವುಚಾ ಧಕ್ಕಾಕ್ಕೆ ಹೋಗಿ ಮೀನು ತರ್ತೆ' ಎಂದು ಹೊರಟುಬಿಡುತ್ತಾರೆ. ನಮ್ಮ ಕಡೆ ಭಾವ ಅಂದರೆ ಅಕ್ಕನ ಗಂಡ, ಧಕ್ಕೆ ಅಂದರೆ ಪೆಟ್ಟು. ಯಾವ ಭಾವನಿಗೆ ಯಾರು ಧಕ್ಕೆ ಮಾಡಿದರು ಅಂತ ಅತ್ತೆಯನ್ನು ಕೇಳಿದರೆ, 'ಸಮುದ್ರಕ್ಕೆ ತಳ್ಳಿರ್ಬೇಕು, ನಂಗೆಂತ ಗೊತ್ತು' ಎಂದು ನಕ್ಕರು. ಬಿಲ್ಡಿಂಗಿನ ಗೆಳತಿ, ಭಾಯಖಳಾದ ಮ್ಯೂಸಿಯಂಗೆ ಹೆಸರಿಟ್ಟಿದ್ದಾರಲ್ಲ, ಆ ಭಾವು ದಾಜಿ ಲಾಡ್ ಕಟ್ಟಿಸಿದ್ದು ಅನ್ನುತ್ತಾಳೆ. ಯಾವುದು ಸರಿ?
- ಘಾಟ್ಕೋಪರಿನ ಓದುಗಿ

ಉತ್ತರ: ಯಾವ ಭಾವನನ್ನೂ ಯಾರೂ ತಳ್ಳಿಲ್ಲ ಮಗಳೇ. ಧಕ್ಕಾ ಎಂದರೆ ದೋಣಿ, ಹಡಗು ತಾಗಿ ನಿಲ್ಲುವ ಕಟ್ಟೆ. ಮಂಗಳೂರಿನಲ್ಲಿ ಮೀನಿನ ಬಂದರನ್ನು ಇವತ್ತಿಗೂ 'ದಕ್ಕೆ' ಎಂದೇ ಕರೆಯುತ್ತಾರೆ. ಕುಂದಾಪುರದ ನಿನ್ನ ಅತ್ತೆಗೆ ಇದು ಗೊತ್ತಿಲ್ಲದೆ ಇರಲಿಕ್ಕಿಲ್ಲ, ಸೊಸೆಯನ್ನು ಆಟ ಆಡಿಸಿದ್ದಾರೆ. ಭಾವು ಎಂದರೆ ಮರಾಠಿಯಲ್ಲಿ ಅಣ್ಣ ಅಥವಾ ತಮ್ಮ. ಊರಿಗೆ ಬೇಕಾದ ಮನುಷ್ಯನನ್ನು ಪ್ರೀತಿಯಿಂದ ಹಾಗೆ ಕರೆಯುವ ರೂಢಿ.

ಗೆಳತಿ ಹೇಳಿದ ಭಾವು ದಾಜಿ ಲಾಡ್ ದೊಡ್ಡ ಮನುಷ್ಯರೇ. ವೈದ್ಯರು, ಹಳೆಯ ಶಾಸನಗಳನ್ನು ಓದಿದ ವಿದ್ವಾಂಸರು, 1874ರಲ್ಲಿ ತೀರಿಕೊಂಡರು. ಭಾಯಖಳಾದ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂಗೆ 1975ರಲ್ಲಿ ಅವರ ಹೆಸರಿಟ್ಟರು. ಆದರೆ ಧಕ್ಕೆಗೂ ಅವರಿಗೂ ಸಂಬಂಧ ಇಲ್ಲ.

ಧಕ್ಕೆಯ ಭಾವು ಬೇರೆ. ಅವರ ಪೂರ್ತಿ ಹೆಸರು ಲಕ್ಷ್ಮಣ ಹರಿಶ್ಚಂದ್ರ ಅಜಿಂಕ್ಯ. ಮುಂಬಯಿಯ ಹಳೇ ಕುಳಗಳಾದ ಪಾಠಾರೆ ಪ್ರಭು ಸಮಾಜದವರು. ಕಂಪನಿ ಸರಕಾರದ ಕಾಲದಲ್ಲಿ ಕೊಲಾಬಾದ ತೋಪುಗಾಡಿ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದವರು. ನಾನೂ ಬಂದರಿನ ಒಂದು ಕ್ಲಿಯರಿಂಗ್ ಆಫೀಸಿನಲ್ಲಿ ಗುಮಾಸ್ತಿಕೆಯಲ್ಲೇ ಕೂದಲು ಹಣ್ಣು ಮಾಡಿಕೊಂಡವನಾದ್ದರಿಂದ ಈ ಒಂದು ಸಂಗತಿ ಹೇಳುವಾಗ ಸ್ವಲ್ಪ ಎದೆ ಉಬ್ಬುತ್ತದೆ, ಕ್ಷಮಿಸಬೇಕು.

ಆ ಕಾಲದಲ್ಲಿ ಧಕ್ಕೆ ಯಾಕೆ ಬೇಕಾಯಿತು ಎನ್ನುವುದು ತಿಳಿಯಬೇಕಾದರೆ ಮುಂಬಯಿಯ ಪೂರ್ವ ದಿಕ್ಕಿನ ದಡವನ್ನು ನೋಡಬೇಕು. ಪಶ್ಚಿಮಕ್ಕೆ ಮರೀನ್ ಡ್ರೈವ್, ವರಳಿ, ಬಾಂದ್ರಾ ಕಡೆ ಬಂಡೆ, ಮರಳು, ಅಲೆ. ಪೂರ್ವಕ್ಕೆ ಹಾಗಲ್ಲ, ಬರೀ ಕೆಸರು. ಶಿವಡಿಯಲ್ಲಿ ಚಳಿಗಾಲಕ್ಕೆ ಫ್ಲೆಮಿಂಗೋ ನೋಡಲು ಜನ ಹೋಗುತ್ತಾರಲ್ಲ, ಆ ಹಕ್ಕಿಗಳು ಬರುವುದೇ ಆ ಕೆಸರಿಗೆ. ಇಲ್ಲಿಯ ಉಬ್ಬರ ಇಳಿತ ನಮ್ಮ ಉಡುಪಿ ಕರಾವಳಿಯ ಹಾಗೆ ಸಣ್ಣದಲ್ಲ. ಮಳೆಗಾಲದ ಅಮಾವಾಸ್ಯೆ ಹುಣ್ಣಿಮೆಗೆ ನೀರು ನಾಲ್ಕೂವರೆ ಮೀಟರ್ ದಾಟಿ ಏರುತ್ತದೆ, ಇಳಿಯುವಾಗ ದೂರದವರೆಗೆ ಕೆಸರು ಬಿಚ್ಚಿ ತೋರಿಸಿ ಹೋಗುತ್ತದೆ. ಕೊಂಕಣದಿಂದ ದೋಣಿಯಲ್ಲಿ ಬಂದವರು ಇಳಿತದ ಹೊತ್ತಿಗೆ ತಲುಪಿದರೆ ಮುಗಿಯಿತು, ಗಂಟುಮೂಟೆ ತಲೆಯ ಮೇಲೆ, ಸೀರೆ ಪಂಚೆ ಮೊಣಕಾಲ ಮೇಲೆ. ಇಲ್ಲವಾದರೆ ಯಾರದ್ದಾದರೂ ಹೆಗಲೇರಬೇಕು.

ಭಾವು ಅಜಿಂಕ್ಯರು ಗುತ್ತಿಗೆ ಹಿಡಿದು ಕಟ್ಟೆ ಕಟ್ಟಿದರು. ಸಮುದ್ರ ತುಂಬಿಸಲು ಅವರು ಬಳಸಿದ್ದು ಊರಿನ ಕಸ. ಕಚರಾ ಹಾಕಿ ನೆಲ ಮಾಡಿದರು ಎಂದರೆ ಇವತ್ತಿನವರು ಮೂಗು ಮುಚ್ಚಿಕೊಳ್ಳುತ್ತಾರೆ, ಆದರೆ ಆ ಕಾಲಕ್ಕೆ ಅದು ಒಂದೇ ಏಟಿಗೆ ಎರಡು ಕೆಲಸ: ಊರು ಚೊಕ್ಕಟ, ದಡ ಗಟ್ಟಿ. ಬಂದಿಳಿಯುವ ಸರಕಿನ ಮೇಲೆ ಸುಂಕ ಎತ್ತುವ ಹಕ್ಕು ಗುತ್ತಿಗೆಯಲ್ಲಿತ್ತು, ಧರ್ಮಕ್ಕೆ ಮಾಡಿದ ಕೆಲಸವೇನಲ್ಲ. ಹಾಗಿದ್ದರೂ ಕೆಸರು ತುಳಿಯದೆ ಇಳಿದವನಿಗೆ ಸುಂಕದ ಲೆಕ್ಕ ಯಾಕೆ? ಯಾರು ಕಟ್ಟಿಸಿದರು ಎಂದು ಕೇಳಿದ, ಭಾವು ಎಂದರು, ಭಾವುಚಾ ಧಕ್ಕಾ ಆಯಿತು.

ಅದೇ ದಡದಲ್ಲಿ ಸಾಲಾಗಿ ಗವರ್ನರುಗಳ ಹೆಸರಿನ ಬಂದರುಗಳಿದ್ದವು. ಕ್ಲೇರ್ ಬಂದರ್, 1831ರಿಂದ 1835ರವರೆಗೆ ಗವರ್ನರ್ ಆಗಿದ್ದ ಲಾರ್ಡ್ ಕ್ಲೇರ್ ಹೆಸರಿನದು. ಕಾರ್ನಾಕ್ ಬಂದರ್, 1839ರಲ್ಲಿ ಬಂದ ಜೇಮ್ಸ್ ರಿವೆಟ್-ಕಾರ್ನಾಕ್ ಹೆಸರಿನದು. ಕ್ಲೇರ್ ಯಾರೆಂದು ಮಸ್ಜಿದ್ ಬಂದರಿನ ಹಮಾಲರನ್ನು ಕೇಳಿ ನೋಡು, ಮುಖ ಮುಖ ನೋಡುತ್ತಾರೆ. ಕಾರ್ನಾಕ್ ಹೆಸರಿನ ಹಳೇ ಸೇತುವೆ 2022ರಲ್ಲಿ ನೆಲಸಮ ಆಯಿತು, ಹೊಸದಾಗಿ ಕಟ್ಟಿದ್ದಕ್ಕೆ 2025ರಲ್ಲಿ ಸಿಂದೂರ ಸೇತುವೆ ಎಂದು ಹೆಸರಾಯಿತು. ಗುಮಾಸ್ತನ ಹೆಸರಿಗೆ ಮಾತ್ರ ಯಾರೂ ಕೈ ಹಚ್ಚಿಲ್ಲ. ಹಚ್ಚಿದರೂ ಜನ ಕೇಳುವುದಿಲ್ಲ. ಬಂದರು ಆಡಳಿತದ ಕಾಗದಪತ್ರದಲ್ಲೆಲ್ಲ ಅದು 'ಫೆರಿ ವಾರ್ಫ್'. ನಮ್ಮ ಆಫೀಸಿಗೆ ಉತ್ತರದ ಕಡೆಯಿಂದ ಹೊಸ ಮ್ಯಾನೇಜರ್ ಒಬ್ಬರು ಬಂದಿದ್ದರು. ವಿ.ಟಿ. ಸ್ಟೇಷನ್ನಿನ ಹೊರಗೆ ಟ್ಯಾಕ್ಸಿ ಹತ್ತಿ ಠೀವಿಯಿಂದ 'ಫೆರಿ ವಾರ್ಫ್' ಎಂದರಂತೆ. ಫೆರಿ ಎಂದದ್ದಷ್ಟೇ ಡ್ರೈವರನ ಕಿವಿಗೆ ಬಿದ್ದು, ದೋಣಿ ಹೊರಡುವ ಇನ್ನೊಂದು ಜಾಗವಾದ ಗೇಟ್‌ವೇ ಆಫ್ ಇಂಡಿಯಾಕ್ಕೆ ನೇರ ಒಯ್ದು ಬಿಟ್ಟ. ಮರುದಿನದಿಂದ ಸಾಹೇಬರ ಬಾಯಲ್ಲೂ ಭಾವುಚಾ ಧಕ್ಕಾ.

ನಮ್ಮವರಿಗೂ ಈ ಜಾಗಕ್ಕೂ ಋಣ ಇದೆ. ರೈಲು, ರಾತ್ರಿ ಬಸ್ಸು ಇಲ್ಲದ ಕಾಲದಲ್ಲಿ ಮಂಗಳೂರಿನಿಂದ ಮುಂಬಯಿಗೆ ಬರುವವರು ಹಡಗು ಹತ್ತುತ್ತಿದ್ದರು. ನನ್ನ ದೊಡ್ಡಪ್ಪ ಹಾಗೇ ಬಂದವರು, ಇಳಿದದ್ದು ಇದೇ ಧಕ್ಕೆಯಲ್ಲಿ. ವಾಂತಿ ಮಾಡಿ ಮಾಡಿ ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ; ಕೈಯಲ್ಲಿ ಒಂದು ತಗಡಿನ ಟ್ರಂಕು, ಕಿಸೆಯಲ್ಲಿ ಫೋರ್ಟಿನ ಒಂದು ಹೋಟೆಲಿನ ವಿಳಾಸ ಬರೆದ ಚೀಟಿ. ಹಗಲು ಅಲ್ಲಿ ಕಪ್ಪು ತೊಳೆದು ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದರು. 'ಭಾವೂನ ದಕ್ಕೆ' ಎಂದು ಅರ್ಧ ಮರಾಠಿ ಅರ್ಧ ತುಳುವಿನಲ್ಲಿ ಹೇಳುತ್ತಿದ್ದರು, ಯಾವುದೋ ನೆಂಟರ ಮನೆಯ ಅಂಗಳದ ಮಾತೇನೋ ಎನ್ನುವ ಹಾಗೆ.

ಕೊಂಕಣದವರಿಗೆ ಈ ಹೆಸರಿನ ಜೊತೆ ಇನ್ನೊಂದು ನೆನಪೂ ಅಂಟಿಕೊಂಡಿದೆ. 1947ರ ಜುಲೈ 17ರ ಬೆಳಿಗ್ಗೆ ಇಲ್ಲಿಂದ ಅಲಿಬಾಗಿನ ಕಡೆಯ ರೇವಸಿಗೆ ಹೊರಟ 'ರಾಮದಾಸ್' ಹಡಗು ಬಿರುಗಾಳಿಗೆ ಸಿಕ್ಕಿ ಕಾಶ್ಯಾ ಬಂಡೆಯ ಹತ್ತಿರ ಮಗುಚಿತು. ಮರಾಠಿಗರ ಗಟಾರಿ, ನಮ್ಮ ಆಟಿ ಅಮಾವಾಸ್ಯೆ ಬರುವ ಹೊತ್ತು. ಹಬ್ಬಕ್ಕೆ ಊರಿಗೆ ಹೊರಟವರಿಂದ ಹಡಗು ತುಂಬಿತ್ತು. ಆರುನೂರಕ್ಕೂ ಹೆಚ್ಚು ಜನ ಹೋದರು. ಸ್ವಾತಂತ್ರ್ಯಕ್ಕೆ ತಿಂಗಳೂ ಉಳಿದಿರಲಿಲ್ಲ. ದೇಶವೆಲ್ಲ ದೆಹಲಿಯ ಕಡೆ ನೋಡುತ್ತಿದ್ದಾಗ ಅಲಿಬಾಗಿನ ಹಳ್ಳಿಗಳಲ್ಲಿ ಗೋಳು. ಅಲ್ಲಿಯ ಮುದುಕಿಯರು ಜುಲೈಯಲ್ಲಿ ಮಕ್ಕಳನ್ನು ಲಾಂಚ್ ಹತ್ತಲು ಬಿಡುತ್ತಿರಲಿಲ್ಲ ಎಂದು ನಮ್ಮ ಆಫೀಸಿನ ರೇವಸಿನ ಪ್ಯೂನ್ ಹೇಳುತ್ತಿದ್ದ.

ಈಗ ರೇವಸಿಗೂ ಉರಣದ ಮೋರಾಕ್ಕೂ ಲಾಂಚ್ ಹೋಗುವುದು ಇಲ್ಲಿಂದಲೇ. 2020ರಿಂದ ಮಾಂಡವಾಕ್ಕೆ ಕಾರು ಸಮೇತ ದಾಟಿಸುವ ರೋ-ರೋ ಹಡಗು ಬೇರೆ. ಆದರೆ ನಿನ್ನ ಮನೆಯವರ ಭಾವುಚಾ ಧಕ್ಕಾ ಇವು ಯಾವುವೂ ಅಲ್ಲ, ನಸುಕಿನ ಮೀನಿನ ಲಿಲಾವು, ಅಂದರೆ ಹರಾಜು. ಒಮ್ಮೆ ಅವರ ಜೊತೆ ನೀನೂ ಹೋಗು, ತಿನ್ನದಿದ್ದರೂ ನೋಡಲಿಕ್ಕೆ. ಹಾರ್ಬರ್ ಲೈನಿನ ಡಾಕ್‌ಯಾರ್ಡ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಟ್ಯಾಕ್ಸಿ ಹಿಡಿಯಬೇಕು. ಹಳೇ ಚಪ್ಪಲಿ ಹಾಕಿಕೋ. ಐಸು ಕರಗಿದ ನೀರು, ಮೀನಿನ ನೀರು ಎಲ್ಲ ಸೇರಿ ಹೆಜ್ಜೆ ಹೆಜ್ಜೆಗೂ ಜಾರುತ್ತದೆ. ಬೋಟಿನಿಂದ ಬುಟ್ಟಿ ಕೈಯಿಂದ ಕೈಗೆ ಹಾರಿ ಬಂದು ನೆಲಕ್ಕೆ ಸುರಿಯುವುದೇ ತಡ, ಕಚ್ಚೆ ಹಾಕಿದ, ಕೋಳಿ ಎಂಬ ಮೀನುಗಾರ ಸಮಾಜದ ಹೆಂಗಸರು ಸುತ್ತುವರಿಯುತ್ತಾರೆ. ರಾಶಿ ಮುಟ್ಟಿ ನೋಡುವ ಮೊದಲೇ ಕೂಗು ಏರಿರುತ್ತದೆ, ನಾಲ್ಕು ಉಸಿರಿನಲ್ಲಿ ಮಾಲು ಹೋಯಿತು. ನಡುವೆ ಹೋಗಿ ನಿಂತರೆ ಬೈಗುಳ ಖಚಿತ, ಬೇಜಾರು ಮಾಡಿಕೊಳ್ಳಬೇಡ, ಅದು ಎಲ್ಲರಿಗೂ ಸಮ. ಮನೆಗೆ ಬೇಕಾದವರು ಪಕ್ಕದಲ್ಲಿ ಚಿಲ್ಲರೆ ಮಾರುವವರಲ್ಲಿ ಕೇಳಬೇಕು. ನಮ್ಮ ಅಂಜಲ್ ಇಲ್ಲಿ ಸುರಮಾಯಿ, ಮಾಂಜಿ ಇಲ್ಲಿ ಪಾಪ್ಲೆಟ್. ನಿನ್ನ ಗಂಡ ಕಿವಿರು ಎತ್ತಿ ಕೆಂಪು ನೋಡದೆ ದುಡ್ಡು ಕೊಡುತ್ತಾರೋ ಗಮನಿಸು. ಕೊಟ್ಟರೆ ಅತ್ತೆಗೆ ಹೇಳು. ಜೂನ್, ಜುಲೈಯಲ್ಲಿ ಮೀನುಗಾರಿಕೆಗೆ ಸರಕಾರದ ನಿಷೇಧ, ಆಗ ಹೋಗಿ ಪ್ರಯೋಜನ ಇಲ್ಲ. ಆ ತಿಂಗಳುಗಳಲ್ಲೂ ಭಾನುವಾರ ನಸುಕಿಗೆ ಎದ್ದು ಹೋಗುತ್ತಾರಾದರೆ, ಅದು ಬೇರೆ ಅಂಕಣದವರಿಗೆ ಕೇಳಬೇಕಾದ ಪ್ರಶ್ನೆ.

ಪ್ರಶ್ನೆ: ಬ್ರೀಚ್ ಕ್ಯಾಂಡಿ ಎಂಬ ಹೆಸರು ಹೇಗೆ ಬಂತು ಸ್ವಾಮಿ? ಹೋಟೆಲಿನ ನಮ್ಮ ಹುಡುಗರು ಅಲ್ಲಿ ಹಿಂದೆ ಇಂಗ್ಲಿಷರ ಪೆಪ್ಪರಮಿಂಟಿನ ಕಾರ್ಖಾನೆ ಇತ್ತು ಎಂದು ಪಂಥ ಕಟ್ಟಿದ್ದಾರೆ.
- ಭಾಯಂದರಿನ ಓದುಗರು

ಉತ್ತರ: ಪಂಥ ಕಟ್ಟಿದವರಿಂದ ದುಡ್ಡು ವಸೂಲು ಮಾಡಿ. ಬ್ರೀಚ್ ಎಂದರೆ ದಡ ಒಡೆದು ನೀರು ನುಗ್ಗುವ ಬಾಯಿ. ಮಹಾಲಕ್ಷ್ಮಿ ಗುಡ್ಡಕ್ಕೂ ವರಳಿ ದ್ವೀಪಕ್ಕೂ ನಡುವೆ ಅಂಥ ಒಂದು ಬಾಯಿ ಇತ್ತು, ಉಬ್ಬರದ ಸಮುದ್ರ ಅಲ್ಲಿಂದ ಒಳಹೊಕ್ಕು ಭಾಯಖಳಾದವರೆಗೆ ಹರಡುತ್ತಿತ್ತು. ಕ್ಯಾಂಡಿ ಎನ್ನುವುದು ಮರಾಠಿಯ 'ಖಿಂಡ್', ಗುಡ್ಡಗಳ ನಡುವಿನ ಸಂದು, ಇಂಗ್ಲಿಷರ ನಾಲಗೆಯಲ್ಲಿ ಹೊರಳಿ ಹಾಗಾಯಿತೆಂದು ಹಳಬರ ವಿವರಣೆ.

ಆ ಬಾಯಿಯನ್ನು ಮುಚ್ಚಿಸಿದ್ದು ಗವರ್ನರ್ ವಿಲಿಯಂ ಹಾರ್ನ್‌ಬಿ, 1780ರ ದಶಕದಲ್ಲಿ. ಲಂಡನ್ನಿನ ದೊರೆಗಳು ಇಷ್ಟು ಖರ್ಚು ಬೇಡ ಎಂದು ಬರೆದ ಕಾಗದವನ್ನು ಕೆಲಸ ಮುಗಿಯುವವರೆಗೆ ಅವರು ಒಡೆದೇ ನೋಡಲಿಲ್ಲ ಎಂಬ ಕತೆ ಇದೆ. ಅದಕ್ಕಿಂತ ನಮಗೆ ಬೇಕಾದ ಕತೆ ಇನ್ನೊಂದು. ಕಟ್ಟೆ ಕಟ್ಟಿದಷ್ಟೂ ಕುಸಿಯುತ್ತಿತ್ತಂತೆ. ಕೆಲಸ ನೋಡುತ್ತಿದ್ದ ರಾಮಜಿ ಶಿವಜಿ ಪ್ರಭು, ಇವರೂ ಪಾಠಾರೆ ಪ್ರಭುಗಳೇ, ಅವರ ಕನಸಿಗೆ ದೇವಿ ಬಂದು ತಾನು ಸಮುದ್ರದೊಳಗಿದ್ದೇನೆ, ಮೇಲೆತ್ತು ಎಂದಳಂತೆ. ಮೂರ್ತಿ ಸಿಕ್ಕಿತು, ಕಟ್ಟೆ ನಿಂತಿತು, ಗುಡ್ಡದ ಮೇಲೆ ಮಹಾಲಕ್ಷ್ಮಿಯ ಗುಡಿಯಾಯಿತು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನಂತೂ ನವರಾತ್ರಿಗೆ ಸಾಲಿನಲ್ಲಿ ನಿಲ್ಲುತ್ತೇನೆ, ಮುಂದೆ ಹಿಂದೆ ಕಿವಿಗೆ ಬೀಳುವುದು ಅರ್ಧಕ್ಕರ್ಧ ಕನ್ನಡ ತುಳುವೇ.

ಹಾರ್ನ್‌ಬಿ ವೆಲ್ಲಾರ್ಡ್ ಎಂದು ಕರೆಯುತ್ತಿದ್ದ ಆ ಕಟ್ಟೆ ಈಗ ಲಾಲಾ ಲಜಪತರಾಯ್ ಮಾರ್ಗ. ಕೋಟೆಯ ಹಾರ್ನ್‌ಬಿ ರೋಡು ದಾದಾಭಾಯಿ ನವರೋಜಿ ಮಾರ್ಗ. ಎರಡು ಕಡೆ ಹೆಸರು ಬರೆಸಿಕೊಂಡವರಿಗೆ ಒಂದೂ ದಕ್ಕಲಿಲ್ಲ. ಅಲ್ಲೇ ಹತ್ತಿರ ಸ್ಕ್ಯಾಂಡಲ್ ಪಾಯಿಂಟ್ ಎಂಬ ಜಾಗವೂ ಇದೆ. ಸಂಜೆ ಗಾಳಿಗೆ ಸಾರೋಟಿನಲ್ಲಿ ಬಂದ ಸಾಹೇಬರು, ಮೇಡಮ್ಮುಗಳು ಊರವರ ಸುದ್ದಿ ಆಡಿಕೊಳ್ಳುತ್ತಿದ್ದರು, ಅದಕ್ಕೆ ಆ ಹೆಸರು ಎನ್ನುತ್ತಾರೆ. ಹಾಗೆ ಹೆಸರಿಡುವುದಾದರೆ ಮುಂಬಯಿಯ ಪ್ರತಿ ಸೊಸೈಟಿಯ ಗೇಟಿಗೂ ಇಡಬೇಕಾದೀತು.

ಪ್ರಶ್ನೆ: ಎಲಿಫೆಂಟಾಕ್ಕೆ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ತ್ರಿಮೂರ್ತಿ ನೋಡಿ ನಾವು ಕೈ ಮುಗಿದೆವು, ಮಕ್ಕಳು 'ಅಜ್ಜಾ, ಆನೆ ಎಲ್ಲಿ' ಎಂದು ಅಳಹತ್ತಿದರು. ಏನು ಹೇಳಲಿ?
- ಪುಣೆಯ ಓದುಗರು

ಉತ್ತರ: ಆನೆ ಮುಂಬಯಿಗೆ ಬಂದಿದೆ ಎಂದು ಹೇಳಿ, ಸುಳ್ಳಲ್ಲ. ದ್ವೀಪದ ನಿಜ ಹೆಸರು ಘಾರಾಪುರಿ. ಪೋರ್ಚುಗೀಸರು ದೋಣಿ ಇಳಿದ ಕಡೆ ಕರಿಕಲ್ಲಿನ ದೊಡ್ಡ ಆನೆಯೊಂದು ನಿಂತಿತ್ತು, ಕಂಡದ್ದನ್ನೇ ದ್ವೀಪಕ್ಕೆ ಹೆಸರಿಟ್ಟರು. ಕಾಲಕ್ರಮದಲ್ಲಿ ಆನೆ ಬಿರಿದು ಬಿತ್ತು. 1864ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಕ್ರೇನು ಮುರಿದು, ಆನೆ ಚೂರಾಗಿ ಇಲ್ಲೇ ಉಳಿಯಿತು. ತುಂಡುಗಳನ್ನು ತಂದು ಜೋಡಿಸಿ ನಿಲ್ಲಿಸಿರುವುದು ಭಾಯಖಳಾದ ಪ್ರಾಣಿಸಂಗ್ರಹಾಲಯವಾದ ರಾಣಿಬಾಗಿನಲ್ಲಿ, ಮೇಲೆ ಹೇಳಿದ ಭಾವು ದಾಜಿ ಲಾಡ್ ಮ್ಯೂಸಿಯಂ ಪಕ್ಕದಲ್ಲೇ. ಹತ್ತಿರ ಹೋಗಿ ನೋಡಿದರೆ ಬೆಸೆದ ಗೆರೆಗಳು ಕಾಣುತ್ತವೆ. ಮಕ್ಕಳಿಗೆ ಅಲ್ಲಿಯ ಪೆಂಗ್ವಿನ್ನುಗಳನ್ನೂ ತೋರಿಸಬಹುದು. ಬುಧವಾರ ಮಾತ್ರ ಹೋಗಬೇಡಿ, ರಾಣಿಬಾಗಿಗೂ ಮ್ಯೂಸಿಯಂಗೂ ಅಂದು ರಜೆ.