ಅಜ್ಜನ ಟೋಪಿ ಬ್ಯಾಡ್ಜ್‌ಗೆ ಹುಣಸೆಹಣ್ಣು ಬೇಡ

ಸೇನೆಯ ಬೆರೆಟ್ ಟೋಪಿ ಮತ್ತು ಅದರ ಮೇಲಿನ ಬ್ಯಾಡ್ಜ್‌ಗಳ ಸಂಗ್ರಹದ ಬಗ್ಗೆ ಓದುಗರು ಕೇಳಿದ ನಾಲ್ಕು ಪ್ರಶ್ನೆಗಳಿಗೆ ಈ ಸಲ ಉತ್ತರ.

ಪ್ರಶ್ನೆ: ನಮ್ಮ ಅಜ್ಜ ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆ ಸೇರಿದವರು. ಅವರ ಟ್ರಂಕಿನಲ್ಲಿ ಒಂದು ಕಪ್ಪು ಬೆರೆಟ್, ಮೂರು ಬ್ಯಾಡ್ಜ್ ಸಿಕ್ಕಿವೆ. ಎರಡರಲ್ಲಿ ಕಿರೀಟ ಇದೆ, ಒಂದರಲ್ಲಿ ಸಿಂಹ. ಹಿತ್ತಾಳೆ ಕಪ್ಪಾಗಿದೆ. ಹುಣಸೆಹಣ್ಣು ಹಾಕಿ ತಿಕ್ಕಿ, ಫ್ರೇಮ್ ಹಾಕಿಸಬಹುದಾ? ಇವು ಎಷ್ಟು ಹಳೆಯವು? (ಸೋಮವಾರಪೇಟೆ)

ಉತ್ತರ: ದಯವಿಟ್ಟು ತಿಕ್ಕಬೇಡಿ. ಹುಣಸೆಹಣ್ಣಿನ ಹುಳಿ ಹಿತ್ತಾಳೆಯ ಮೇಲ್ಪದರವನ್ನೇ ತಿನ್ನುತ್ತದೆ. ಪಾಲಿಶ್ ಪುಡಿ, ಬ್ರಾಸೋ ಕೂಡ ಬೇಡ. ಬ್ಯಾಡ್ಜ್‌ನ ಅಕ್ಷರ, ಗರಿ, ಕಿರೀಟದ ಮಣಿ ಎಲ್ಲವೂ ಕೂದಲೆಳೆಯಷ್ಟು ಎತ್ತರದ ಕೆಲಸ. ಬೆಳ್ಳಿ ಬಣ್ಣದ ತೆಳು ಲೇಪ ಇದ್ದರೆ ತಿಕ್ಕಿದಾಗ ಅದೂ ಹೋಗುತ್ತದೆ. ನೀವು ಕೊಳೆ ಅಂದುಕೊಂಡ ಆ ಕಪ್ಪು ಬಣ್ಣವೇ ಅದರ ವಯಸ್ಸಿಗೆ ಸಾಕ್ಷಿ. ಒಣ ಹತ್ತಿ ಬಟ್ಟೆಯಿಂದ ಧೂಳು ಒರೆಸಿ, ಅಷ್ಟು ಸಾಕು.

ಇನ್ನು ವಯಸ್ಸು. ಮೊದಲು ಕಿರೀಟವನ್ನು ಭೂತಗನ್ನಡಿಯಲ್ಲಿ ನೋಡಿ. ಅದರ ಕಮಾನುಗಳು ಮಧ್ಯದಲ್ಲಿ ತಗ್ಗದೆ ಗುಮ್ಮಟದ ಹಾಗೆ ಎದ್ದಿದ್ದರೆ ಅದು ರಾಜರ ಕಾಲದ ಕಿರೀಟ. ಬ್ರಿಟಿಷ್ ಬ್ಯಾಡ್ಜ್‌ಗಳಲ್ಲಿ 1901ರಿಂದ 1952ರವರೆಗೆ ಇದ್ದದ್ದು ಇದೇ. ಆಮೇಲೆ ಎರಡನೇ ಎಲಿಜಬೆತ್ ರಾಣಿಯ ಕಾಲಕ್ಕೆ ಮಧ್ಯದಲ್ಲಿ ತಗ್ಗಿದ ಕಮಾನಿನ ಕಿರೀಟ ಬಂತು. ಭಾರತದ ಸೇನೆಯಲ್ಲಿ ಕಿರೀಟ ಹೋಗಿದ್ದು 1947ರಲ್ಲಿ ಅಲ್ಲ. 1950ರ ಜನವರಿ 26ರಂದು ದೇಶ ಗಣರಾಜ್ಯ ಆದಾಗ ಕಿರೀಟದ ಜಾಗಕ್ಕೆ ಅಶೋಕ ಸ್ತಂಭದ ಸಿಂಹ ಬಂತು. ನಿಮ್ಮಲ್ಲಿರುವ ಸಿಂಹ ಅದೇ ಆಗಿದ್ದರೆ ನಿಮ್ಮ ಟ್ರಂಕಿನಲ್ಲಿರುವ ಬ್ಯಾಡ್ಜ್‌ಗಳು ಆ ದಿನಾಂಕದ ಎರಡೂ ಕಡೆಗೆ ಸೇರಿದವು. ಮೂರನ್ನೂ ಅಜ್ಜನೇ ಧರಿಸಿದ್ದರೆ, ಅವರು ರಾಜನ ಸೇನೆಯಲ್ಲೂ ಇದ್ದರು, ಗಣರಾಜ್ಯದ ಸೇನೆಯಲ್ಲೂ ಇದ್ದರು. ಒಬ್ಬ ಮನುಷ್ಯನ ನೌಕರಿಯ ಕಥೆ ಮೂರು ಬ್ಯಾಡ್ಜ್‌ನಲ್ಲಿ ಹೀಗೆ ಸಿಗುವುದು ಅಪರೂಪ.

ರೆಜಿಮೆಂಟ್ ಹೆಸರಿನ ಜೊತೆ ಸಂಖ್ಯೆ ಇದೆಯಾ ನೋಡಿ. 1922ರಲ್ಲಿ ಭಾರತೀಯ ರೆಜಿಮೆಂಟ್‌ಗಳಿಗೆ ಹೊಸ ಸಂಖ್ಯೆ ಕೊಟ್ಟರು, 1945ರಲ್ಲಿ ಕಾಲಾಳು ಪಡೆಯ ರೆಜಿಮೆಂಟ್‌ಗಳ ಹೆಸರಿನಿಂದ ಸಂಖ್ಯೆ ತೆಗೆದರು. ನಿಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರ 19ನೇ ಹೈದರಾಬಾದ್ ರೆಜಿಮೆಂಟ್ ಆ ವರ್ಷವೇ ಕುಮಾಊಂ ರೆಜಿಮೆಂಟ್ ಆಯಿತು. ಹಾಗಾಗಿ ಹೆಸರೊಂದೇ ಎಷ್ಟೋ ಸಲ ಕಾಲ ಹೇಳಿಬಿಡುತ್ತದೆ. ಹಳೇ ಮೈಸೂರಿನ ಮನೆಗಳಲ್ಲಿ ಗಂಡಭೇರುಂಡ ಇರುವ ಬ್ಯಾಡ್ಜ್ ಸಿಕ್ಕರೆ ಅದು ಬೇರೆಯೇ ಸಂಗತಿ. ಅದು ಮೈಸೂರು ಸಂಸ್ಥಾನದ ಸ್ವಂತ ಪಡೆಯದು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ಜೋಧಪುರದವರ ಜೊತೆ ಹೋರಾಡಿದ ಕುದುರೆ ಸವಾರರ ದಳ ಮೈಸೂರು ಲ್ಯಾನ್ಸರ್ಸ್ ಆ ಪಡೆಯವರೇ.

ಬೆರೆಟ್ ಬಣ್ಣವನ್ನು ಬಿಸಿಲಿಗೆ ಹಿಡಿದು ನೋಡಿ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಗಾಢ ನೀಲಿಯೂ ಕಪ್ಪಾಗಿಯೇ ಕಾಣುತ್ತದೆ. ನಿಜವಾಗಿ ಕಪ್ಪಾಗಿದ್ದರೆ ಟ್ಯಾಂಕ್ ಪಡೆಯ ಕಡೆಗೆ ಹುಡುಕಿ. ಈ ಬಣ್ಣ ಶುರುವಾಗಿದ್ದು 1924ರಲ್ಲಿ, ಬ್ರಿಟನ್ನಿನ ರಾಯಲ್ ಟ್ಯಾಂಕ್ ಕೋರ್‌ನಿಂದ. ಟ್ಯಾಂಕಿನೊಳಗೆ ಅಂಚಿರುವ ಟೋಪಿ ಹಾಕಿಕೊಂಡು ಕೂರಲು ಆಗುತ್ತಿರಲಿಲ್ಲ, ಎಣ್ಣೆ ಕಲೆ ಕಪ್ಪಿನಲ್ಲಿ ಕಾಣುತ್ತಿರಲಿಲ್ಲ.

ಇದೆಲ್ಲಕ್ಕಿಂತ ಮುಖ್ಯವಾದ ಕೆಲಸ ಒಂದಿದೆ. ಅಜ್ಜನ ಹೆಸರು, ಸೇನಾ ನಂಬರ್, ರೆಜಿಮೆಂಟ್, ಮನೆಯ ಹಿರಿಯರಿಗೆ ನೆನಪಿರುವ ಊರುಗಳು, ಎಲ್ಲವನ್ನೂ ಇವತ್ತೇ ಬರೆದು ಬ್ಯಾಡ್ಜ್ ಜೊತೆಯಲ್ಲಿಡಿ. ಡಿಸ್ಚಾರ್ಜ್ ಪುಸ್ತಕ ಇದ್ದರೆ ಅದನ್ನೂ. ಯಾರದು ಅಂತ ಗೊತ್ತಿಲ್ಲದ ಬ್ಯಾಡ್ಜ್ ಬರೀ ಲೋಹದ ಚೂರು. ನಾನು ಈ ಕ್ಷೇತ್ರದಲ್ಲಿ ಬೇಸರಪಡುವುದು ನಕಲಿ ನೋಡಿ ಅಲ್ಲ, ಹೆಸರು ಕಳೆದುಕೊಂಡ ಅಸಲಿ ನೋಡಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ "ಮೊದಲ ಮಹಾಯುದ್ಧದ ಬೆರೆಟ್, ಬ್ಯಾಡ್ಜ್ ಸಮೇತ" ಅಂತ ಮಾರುತ್ತಿದ್ದಾರೆ. ಅಸಲಿ ಅಂತ ಹೇಗೆ ತಿಳಿಯುವುದು? (ಹುಬ್ಬಳ್ಳಿ)

ಉತ್ತರ: ಬ್ರಿಟಿಷ್ ಸೆಟ್ ಅಂತ ಹೇಳುತ್ತಿದ್ದರೆ ಕೊಳ್ಳಬೇಡಿ. ಬ್ರಿಟಿಷ್ ಸೇನೆಗೆ ಬೆರೆಟ್ ಬಂದಿದ್ದೇ 1924ರಲ್ಲಿ. ಬ್ಯಾಡ್ಜ್ ಹಳೆಯದಿರಬಹುದು, ಟೋಪಿಯನ್ನು ಆಮೇಲೆ ಜೋಡಿಸಿದ್ದಾರೆ.

ಬ್ಯಾಡ್ಜ್ ಕೈಗೆ ಸಿಕ್ಕರೆ ಮೊದಲು ಹಿಂದೆ ತಿರುಗಿಸಿ. ಅಚ್ಚೊತ್ತಿ ಮಾಡಿದ್ದಾದರೆ ಮುಂದೆ ಉಬ್ಬಿದ್ದು ಹಿಂದೆ ತಗ್ಗಾಗಿ ಕಾಣುತ್ತದೆ. ಎರಕ ಹೊಯ್ದಿದ್ದಾದರೆ ಹಿಂಬದಿ ಚಪ್ಪಟೆ, ಮರಳು ಮರಳು, ಸಣ್ಣ ಗುಂಡಿಗಳು. ಎರಕ ಅಂದ ತಕ್ಷಣ ನಕಲಿ ಅಂತ ಎಸೆಯಬೇಡಿ. ಯುದ್ಧದ ಕಾಲದಲ್ಲಿ ನಮ್ಮ ದೇಶದ ಬಜಾರುಗಳಲ್ಲಿ ಸ್ಥಳೀಯರು ಎರಕ ಹೊಯ್ದು ಕೊಟ್ಟದ್ದನ್ನೇ ಸೈನಿಕರು ಧರಿಸಿದ್ದುಂಟು. ಅಂಥವು ಒರಟಾಗಿದ್ದರೂ ಅಸಲಿಯೇ, ನನಗಂತೂ ಅವೇ ಜಾಸ್ತಿ ಇಷ್ಟ.

ನಿಜವಾದ ತೊಂದರೆ ಹಳೆಯ ಅಚ್ಚಿನಲ್ಲೇ ಹೊಸದಾಗಿ ಹೊಡೆದ ಬ್ಯಾಡ್ಜ್‌ಗಳದ್ದು. ಮುಂಭಾಗದಲ್ಲಿ ತಪ್ಪೇ ಸಿಗುವುದಿಲ್ಲ. ಹಿಂದೆ ಕಂಪನಿಯ ಹೆಸರು ಬೇರೆ ಇರುತ್ತದೆ. ಬರ್ಮಿಂಗ್‌ಹ್ಯಾಮಿನ ಜೆ. ಆರ್. ಗಾಂಟ್ ಹೆಸರನ್ನು ಹೊಸ ಪ್ರತಿಗಳ ಮೇಲೂ ಒತ್ತುತ್ತಾರೆ, ಆದ್ದರಿಂದ ಹೆಸರು ನೋಡಿ ಮರುಳಾಗಬೇಡಿ. ಸವೆತ ನೋಡಿ. ವರ್ಷಗಟ್ಟಲೆ ಧರಿಸಿ ಒರೆಸಿದ ಬ್ಯಾಡ್ಜ್‌ನಲ್ಲಿ ಉಬ್ಬಿದ ಜಾಗ ಮಾತ್ರ ನುಣುಪಾಗಿರುತ್ತದೆ, ಮೂಲೆಗಳಲ್ಲಿ ಹಳೆಯ ಪಾಲಿಶ್ ಗಟ್ಟಿಯಾಗಿ ಕೂತಿರುತ್ತದೆ. ಟೋಪಿಗೆ ಸಿಕ್ಕಿಸುವ ಹಿಂದಿನ ಪಟ್ಟಿಯೂ ಉಜ್ಜಿರಬೇಕು. ಮುಂದೆ ಹಳತು, ಹಿಂದೆ ಹೊಸತು ಅಂದರೆ ಬಿಟ್ಟುಬಿಡಿ.

ಬಂಗಾರದಂತೆ ಹೊಳೆಯುವ, ತೂಕವೇ ಇಲ್ಲದ ಬ್ಯಾಡ್ಜ್ 1950ರ ನಂತರ ಹರಡಿದ ಅಲ್ಯೂಮಿನಿಯಂನದ್ದು, ಅದನ್ನು ಮಹಾಯುದ್ಧದ್ದು ಅಂದರೆ ನಂಬಬೇಡಿ. ಆದರೆ ಕಂದು ಪ್ಲಾಸ್ಟಿಕ್ ಬ್ಯಾಡ್ಜ್ ಕಂಡರೆ ನಿಲ್ಲಿ. ಎರಡನೇ ಮಹಾಯುದ್ಧದಲ್ಲಿ ಲೋಹ ಉಳಿಸಲು ಬ್ರಿಟನ್ ಇಂಥವನ್ನು ಮಾಡಿಸಿತ್ತು. ಗೊತ್ತಿಲ್ಲದವರು ಮಕ್ಕಳ ಆಟಿಕೆ ಅಂತ ಕಸಕ್ಕೆ ಹಾಕುತ್ತಾರೆ. ಇನ್ನೊಂದು ಎಚ್ಚರ: ಈಗ ಮೂರನೇ ಚಾರ್ಲ್ಸ್ ಕಾಲದಲ್ಲಿ ಗುಮ್ಮಟದ ಕಿರೀಟ ಮತ್ತೆ ಬಂದಿದೆ. ಬರೀ ಕಿರೀಟ ನೋಡಿ ಹಳೆಯದು ಅನ್ನುವಂತಿಲ್ಲ.

ಪ್ರಶ್ನೆ: ನನ್ನ ಮಗನಿಗೆ ಪ್ಯಾರಾ ಪಡೆ ಅಂದ್ರೆ ಪ್ರಾಣ. ಮರೂನ್ ಬೆರೆಟ್, ಬಲಿದಾನ್ ಬ್ಯಾಡ್ಜ್ ಕೊಂಡು ಹಾಕಿಕೊಂಡು ಓಡಾಡುತ್ತಾನೆ. ತಪ್ಪಾ? (ಬೆಂಗಳೂರು)

ಉತ್ತರ: ಸಂಗ್ರಹಿಸಿ ಮನೆಯ ಕಪಾಟಿನಲ್ಲಿ ಇಡುವುದು ಒಂದು, ಹಾಕಿಕೊಂಡು ಬೀದಿಗೆ ಇಳಿಯುವುದು ಇನ್ನೊಂದು. ಸೈನಿಕ ಅಂತ ಜನ ನಂಬಲಿ ಎಂಬ ಉದ್ದೇಶದಿಂದ ಸೈನಿಕರ ಉಡುಪು ಅಥವಾ ಗುರುತು ಧರಿಸುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ ಪ್ರಕಾರ ಅಪರಾಧ. ಮೂರು ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ ಇದೆ. ಹುಡುಗನಿಗೆ ಅಂಥ ಉದ್ದೇಶ ಇರಲಿಕ್ಕಿಲ್ಲ, ಆದರೂ ಬೇಡ.

ಕಾನೂನು ಬಿಡಿ, ಆ ಬಣ್ಣದ ಬೆಲೆ ಅವನಿಗೆ ತಿಳಿಸಿ. ಮರೂನ್ ಬಣ್ಣ 1942ರಲ್ಲಿ ಬ್ರಿಟನ್ನಿನ ಏರ್‌ಬೋರ್ನ್ ಪಡೆಗೆ (ವಿಮಾನದಿಂದ ಇಳಿದು ಹೋರಾಡುವವರು) ಬಂದಿದ್ದು, ಅಲ್ಲಿಂದ ಎಷ್ಟೋ ದೇಶಗಳ ಪ್ಯಾರಾಟ್ರೂಪರ್‌ಗಳ ಗುರುತಾಯಿತು. ನಮ್ಮಲ್ಲಿ ಕಠಿಣ ಪ್ರೊಬೇಷನ್ ದಾಟಿದವರಿಗೆ ಮಾತ್ರ ಸಿಗುತ್ತದೆ. ಬಲಿದಾನ್ ಇನ್ನೂ ಮೇಲಿನದು, ಪ್ಯಾರಾ ಸ್ಪೆಷಲ್ ಫೋರ್ಸಸ್‌ನವರದ್ದು. ಅದು ಟೋಪಿಯದ್ದಲ್ಲ, ಎದೆಯ ಮೇಲಿನದು. 2019ರ ವಿಶ್ವಕಪ್‌ನಲ್ಲಿ ಧೋನಿಯವರ ಗ್ಲೌಸ್ ಮೇಲೆ ಅದೇ ಕಂಡು ಐಸಿಸಿ ಬೇಡ ಅಂದಿತ್ತು, ನೆನಪಿದೆ ಅಲ್ವಾ? ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ನಿಮ್ಮ ಬೆಂಗಳೂರಿನಲ್ಲೇ ಇದೆ. ನಿಜವಾದ ಆಸೆ ಇದ್ದರೆ ಎನ್‌ಸಿಸಿ ಸೇರಿಸಿ. ತನ್ನದೇ ಬೆರೆಟ್ ಅನ್ನು ನೀರಿನಲ್ಲಿ ನೆನೆಸಿ, ಬಲಕ್ಕೆ ಎಳೆದು, ಬ್ಯಾಡ್ಜ್ ಎಡಗಣ್ಣಿನ ಮೇಲೆ ನಿಲ್ಲಿಸುವುದನ್ನು ಅಲ್ಲಿ ಕಲಿಯುತ್ತಾನೆ.

ಪ್ರಶ್ನೆ: ನಮ್ಮಲ್ಲಿ ಮಳೆಗಾಲ ಅಂದರೆ ನಾಲ್ಕು ತಿಂಗಳು ಒದ್ದೆ. ಬೆರೆಟ್‌ಗೆ ಬೂಷ್ಟು, ಬ್ಯಾಡ್ಜ್‌ಗೆ ಹಸಿರು ಅಂಟು. ಏನು ಮಾಡಲಿ? (ತೀರ್ಥಹಳ್ಳಿ)

ಉತ್ತರ: ಆ ಹಸಿರು ಅಂಟು ಮಳೆಯದ್ದಷ್ಟೇ ಅಲ್ಲ. ನೀವು ಬ್ಯಾಡ್ಜ್‌ಗಳನ್ನು ಮೆತ್ತನೆಯ ಪಿವಿಸಿ ಹಾಳೆಯ ಆಲ್ಬಮ್‌ನಲ್ಲಿ ಇಟ್ಟಿರಬಹುದು, ಅಥವಾ ಹಿತ್ತಾಳೆಗೆ ಚರ್ಮ ತಾಗುತ್ತಿರಬಹುದು. ಎರಡರಿಂದಲೂ ಹೀಗಾಗುತ್ತದೆ. ಮರದ ಕಡ್ಡಿಯಿಂದ ಮೆಲ್ಲಗೆ ತೆಗೆದು, ಒಂದೊಂದನ್ನೂ ಆಮ್ಲರಹಿತ ಕಾಗದದಲ್ಲಿ ಸುತ್ತಿಡಿ. ನ್ಯೂಸ್‌ಪೇಪರ್ ಬೇಡ.

ಬೆರೆಟ್ ಉಣ್ಣೆಯದು, ನುಸಿ ಹುಳಕ್ಕೆ ಇಷ್ಟ. ಬ್ಯಾಡ್ಜ್ ತೆಗೆದಿಟ್ಟು, ಟೋಪಿಯನ್ನು ಗಾಳಿಯಾಡದ ಕವರಿನಲ್ಲಿ ಕಟ್ಟಿ ಎರಡು ವಾರ ಫ್ರೀಜರ್‌ನಲ್ಲಿಡಿ, ಮೊಟ್ಟೆ ಮರಿ ಎಲ್ಲ ಸಾಯುತ್ತವೆ. ಹೊರತೆಗೆದ ಮೇಲೆ ಒಂದು ದಿನ ಕವರ್ ಬಿಚ್ಚಬೇಡಿ, ಇಲ್ಲದಿದ್ದರೆ ಬಟ್ಟೆ ಮೇಲೆ ನೀರು ಕೂರುತ್ತದೆ. ಬೂಷ್ಟನ್ನು ನೆರಳಿನಲ್ಲಿ ಒಣಗಿಸಿ ಮೆದು ಬ್ರಷ್‌ನಿಂದ ತೆಗೆಯಿರಿ. ಬಿಸಿಲಿಗೆ ಹಾಕಿದರೆ ಬಣ್ಣ ಹೋಗುತ್ತದೆ. ಒಳಗೆ ಕಾಗದ ತುಂಬಿ ಆಕಾರ ಉಳಿಸಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟು ಮಳೆಗಾಲ ಪೂರ್ತಿ ಆಗಾಗ ಬದಲಿಸಿ. ಒಳಗಿನ ಅಸ್ತರಿನಲ್ಲಿ ತಯಾರಕರ ಮುದ್ರೆ, ವರ್ಷ, ಕೈಬರಹದ ನಂಬರ್ ಇದ್ದರೆ ತೊಳೆಯುವ ಮಾತೇ ಬೇಡ, ಮೊದಲು ಫೋಟೋ ತೆಗೆದುಕೊಳ್ಳಿ.